ಪಲ್ಲವಿಗೆ ನಾನು ಕಲಿಸಿದ ಪದಗಳು

ಗಿರಿಜಕ್ಕ, ನಿಮ್ಮ ಮಗಳ ಬಾಯಿಗೆ ಆ ಮಾತನ್ನು ಹಾಕಿದವಳು ನಾನು. ಶಾಲೆಯ ಕೌನ್ಸೆಲರ್ ಅಲ್ಲ, ಪುಣೆಯಲ್ಲಿರುವ ನಿಮ್ಮ ನಾದಿನಿ ಅಲ್ಲ, ನೀವು ಇಷ್ಟು ವರ್ಷ ಬೈಯುತ್ತಾ ಬಂದ ಅವಳ ಮೊಬೈಲೂ ಅಲ್ಲ. ‘ನಮ್ಮಮ್ಮ ಊಟ ಕೊಡದೆ ಶಿಕ್ಷಿಸುತ್ತಾಳೆ’ ಎಂದು ಆಗ ಹತ್ತನೆಯ ಕ್ಲಾಸಿನಲ್ಲಿದ್ದ ಪಲ್ಲವಿ ಶಾಲೆಯಲ್ಲಿ ಹೇಳಿದಳಲ್ಲ — ಆ ವಾಕ್ಯ ನನ್ನದು. ಡೊಂಬಿವಲಿಯ ನಮ್ಮ ಮನೆಯಲ್ಲಿ, ನೀವೇ ಕಳಿಸಿದ ಶೇಂಗಾ ಚಟ್ನಿಯನ್ನು ದೋಸೆಗೆ ಹಚ್ಚಿಕೊಂಡು ತಿನ್ನುತ್ತಾ, ನಾನೇ ಅವಳಿಗೆ ಅದನ್ನು ಹೇಳಿಕೊಟ್ಟೆ.

ಒಳಗೊಳಗೇ ಕೊರಗುತ್ತಾ ಇಷ್ಟು ವರ್ಷ ಕಳೆದೆ ಎಂದು ಹೇಳಿಕೊಂಡರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಾನು ಚೆನ್ನಾಗಿಯೇ ಇದ್ದೆ. ಒಂದು ಹುಡುಗಿಯನ್ನು ಕಾಪಾಡಿದೆ ಎಂದೇ ನಂಬಿಕೊಂಡಿದ್ದೆ. ಹೆಸರು ಹೇಳದೆ ಆ ಕಥೆಯನ್ನು ನಾಲ್ಕು ಜನರ ಮುಂದೆ ಉದಾಹರಣೆಯಾಗಿ ಕೊಟ್ಟದ್ದೂ ಉಂಟು. ಕಳೆದ ತಿಂಗಳು ಥಾಣೆಯ ಒಂದು ಸಭಾಂಗಣದಲ್ಲಿ ಕೂತು ಪಲ್ಲವಿಯ ಮಾತು ಕೇಳುವವರೆಗೆ ನನಗೆ ಏನೂ ಅನ್ನಿಸಿರಲಿಲ್ಲ. ಅಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ನಾವಿಬ್ಬರೂ ಸಿಕ್ಕಿದ್ದು ಲೋಕಲ್ ಗಾಡಿಯಲ್ಲಿ. ಡೊಂಬಿವಲಿಯಲ್ಲಿ ಹೇಗೋ ನುಗ್ಗಿ, ಥಾಣೆಯಲ್ಲಿ ಇಳಿದು, ಟ್ರಾನ್ಸ್-ಹಾರ್ಬರ್ ಗಾಡಿಯಲ್ಲಿ ಸೀಟು ಹಿಡಿದ ಮೇಲೆ ನಮ್ಮ ದಿನ ಶುರುವಾಗುತ್ತಿತ್ತು. ಲೇಡೀಸ್ ಡಬ್ಬಾದಲ್ಲಿ, ಹೆಂಗಸರ ಆ ಬೋಗಿಯಲ್ಲಿ, ನಾಲ್ಕೈದು ಕನ್ನಡದವರು ಸೇರಿಕೊಂಡಿದ್ದೆವು. ನಾನು ಬೆಂಗಳೂರಿನವಳು; ಐರೋಲಿಯಲ್ಲಿ ಇಳಿದು ಕಂಪನಿಯೊಂದರ ತರಬೇತಿ ವಿಭಾಗಕ್ಕೆ ಹೋಗುವವಳು. ನೀವು ಗದಗದ ಕಡೆಯವರು. ಇನ್ನೂ ಮುಂದೆ ಘಣಸೋಲಿಯ ಬ್ಯಾಂಕಿಗೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರಾದ ನೀವು ಮೊದಲ ವಾರದಲ್ಲೇ ನನ್ನನ್ನು ಊಟಕ್ಕೆ ಕರೆದಿರಿ. ‘ಬೆಂಗಳೂರವರು ಬರೇ ಅನ್ನ ತಿಂದು ಸೊರಗೀರಿ’ ಎಂದಿರಿ. ನಾನು ಸೊರಗಿದವಳಲ್ಲ ಎಂಬುದು ಗಾಡಿಯವರಿಗೆಲ್ಲ ಗೊತ್ತಿತ್ತು.

ಅಂದು ನಿಮ್ಮ ಅಡುಗೆಮನೆಯಲ್ಲಿ ನಾನು ನೋಡಿದ್ದನ್ನು ಇವತ್ತು ಸರಿಯಾಗಿ ಬರೆಯಬೇಕು, ಏಕೆಂದರೆ ಅದನ್ನೇ ನಾನು ಆಮೇಲೆ ಕೆಡಿಸಿದ್ದು. ನೀವು ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತಿದ್ದಿರಿ. ಪಲ್ಲವಿ ಬಂದು ‘ಮಮ್ಮೀ, ಭೂಕ್ ಲಗೀ ಹೈ’ ಎಂದಳು. ನೀವು ತಿರುಗಲೇ ಇಲ್ಲ.

‘ಯಾರೋ ಏನೋ ಅಂದಂಗಾತು. ನನಗೇನ್ ಕೇಳಿಸ್ಲಿಲ್ಲಪಾ.’

‘ಮಮ್ಮೀ…’

‘ಇಲ್ಲಿ ಮಮ್ಮಿ ಅನ್ನಾವ್ರು ಯಾರೂ ಇಲ್ಲ.’

ಆಮೇಲೆ ಅವಳು ನನ್ನ ಕಡೆ ನೋಡಿ ನಾಚಿಕೊಂಡು, ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: ‘ಅವ್ವಾ, ನನಗ ಹಸಿವಾಗೇತಿ. ರೊಟ್ಟಿ ಕೊಡ.’ ಅವಳ ಮಾತು ಮುಗಿಯುವುದರೊಳಗೆ ಬಿಸಿ ರೊಟ್ಟಿ ತಟ್ಟೆಯಲ್ಲಿತ್ತು, ಮೇಲೆ ಬೆಣ್ಣೆ. ಕನ್ನಡದಲ್ಲಿ ಕೇಳಿದರೆ ಮೊದಲ ರೊಟ್ಟಿ, ಹಿಂದಿಯಲ್ಲಿ ಕೇಳಿದರೆ ಅವ್ವನಿಗೆ ಕಿವಿ ಕೇಳುವುದಿಲ್ಲ — ಇದು ನಿಮ್ಮ ಮನೆಯ ಕಟ್ಟಳೆ. ನಿಮ್ಮ ಮನೆಯವರು ಶಹಾಡ್‌ನ ಫ್ಯಾಕ್ಟರಿಯಿಂದ ಬಂದು ಕೂತವರು, ‘ನಂದೂ ಇದ ಹಣೇಬಾರ ನೋಡ್ರಿ, ಮರಾಠಿಯೊಳಗ ಕೇಳಿದ್ರ ನೀರೂ ಸಿಗೂದಿಲ್ಲ’ ಎಂದು ನಕ್ಕರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮನೆಗೆ ಬಂದು ನನ್ನ ಮಗ ನಿಖಿಲನ ಮೇಲೆ ಅದನ್ನೇ ಪ್ರಯೋಗಿಸಿದೆ. ಕಿವಿ ಕೇಳದವಳ ಹಾಗೆ ನಿಂತೆ. ಅವನು ಒಂದು ಕ್ಷಣ ನೋಡಿ, ಫ್ರಿಜ್ಜಿನಿಂದ ಬ್ರೆಡ್ಡು ತೆಗೆದುಕೊಂಡು ರೂಮಿಗೆ ಹೋದ. ನನ್ನ ಮಗನಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ನಿಮ್ಮ ಮಗಳು ಅವ್ವಾ ಎನ್ನುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಗಿರಿಜಕ್ಕ. ಇದಕ್ಕೆ ಬೇರೆ ದೊಡ್ಡ ಹೆಸರು ಹುಡುಕುವುದು ಬೇಡ.

ಆಮೇಲೆ ಚುನಾವಣೆ ಬಂತು. ಎಲ್ಲ ಡಬ್ಬಾಗಳಂತೆ ನಮ್ಮ ಡಬ್ಬಾದಲ್ಲೂ ಮೊಬೈಲುಗಳು ಕೈಯಿಂದ ಕೈಗೆ ಹೋಗತೊಡಗಿದವು. ಅದುವರೆಗೆ ತೊಗರಿಬೇಳೆ, ಸೊಸೆ, ಮೊಣಕಾಲು ನೋವು ಮಾತಾಡುತ್ತಿದ್ದವರು ಒಬ್ಬರನ್ನೊಬ್ಬರು ಹೊಸ ಹೆಸರಿಟ್ಟು ಕರೆಯುವುದನ್ನು ಕಲಿತೆವು. ಒಂದು ಬೆಳಿಗ್ಗೆ ನಾನು ಡೊಂಬಿವಲಿಯ ರಸ್ತೆಗಳ ಗುಂಡಿಯ ಬಗ್ಗೆ ಗೊಣಗಿದೆ. ಓಟು ಕೇಳುವಾಗ ಬರುತ್ತಾರೆ, ಆಮೇಲೆ ಮುಖ ತೋರಿಸುವುದಿಲ್ಲ ಎಂದೆ. ಅಷ್ಟೇ. ನೀವು ನಗುತ್ತಲೇ ಅಂದಿರಿ: ‘ನೋಡ್ರಿ, ನಮ್ಮ ರೂಪಾ ಅರ್ಬನ್ ನಕ್ಸಲ್ ಆಗ್ಯಾರ. ಇಂಥಾವ್ರಿಂದನ ದೇಶ ಹಾಳಾಗೂದು.’

ಡಬ್ಬಾ ಪೂರ್ತಿ ನಕ್ಕಿತು. ಪರಿಚಯವಿಲ್ಲದ ಗುಜರಾತಿ ಹೆಂಗಸೂ ತಿರುಗಿ ನೋಡಿ ನಕ್ಕಳು. ನೀವು ಆ ಪದವನ್ನು ಯಾವುದೋ ಫಾರ್ವರ್ಡಿನಿಂದ ಎತ್ತಿಕೊಂಡಿದ್ದಿರಿ, ಸಂಜೆಗೆ ಮರೆತೂ ಬಿಟ್ಟಿರಿ. ಮರುದಿನ ನನಗಾಗಿಯೇ ಹೋಳಿಗೆ ತಂದಿರಿ. ನಾನು ಮರೆಯಲಿಲ್ಲ. ಆ ಹೋಳಿಗೆ ತಿಂದು, ಕಂಪನಿಗೆ ಹೋಗಿ, ಗಂಡನಿಗೆ ಫೋನ್ ಮಾಡಿ ‘ಆ ಗಿರಿಜಾ ಇದಾಳಲ್ಲ, ಅವಳು ಪಕ್ಕಾ ಫ್ಯಾಸಿಸ್ಟ್’ ಎಂದೆ. ನನ್ನದೂ ಎಲ್ಲಿಂದಲೋ ಎತ್ತಿಕೊಂಡ ಪದವೇ. ಅದರ ಅರ್ಥವನ್ನು ನಿಖಿಲ್ ಕೇಳಿದ್ದರೆ ನಾನು ತಡವರಿಸುತ್ತಿದ್ದೆ.

ಆದರೆ ನೋಡಿ — ಒಮ್ಮೆ ಹೆಸರಿಟ್ಟ ಮೇಲೆ ನಿಮ್ಮಲ್ಲಿ ಬೇರೇನೂ ಕಾಣದಂತಾಯಿತು. ಆ ದಿನಗಳಲ್ಲೇ ನಾನು ಪೇರೆಂಟಿಂಗ್ ಕೋಚ್ ಆಗುವ ಕೋರ್ಸಿಗೆ ಸೇರಿದ್ದೆ, ಶನಿವಾರ ಭಾನುವಾರ ಆನ್‌ಲೈನ್ ತರಗತಿ. ತಂದೆ ತಾಯಿಯರಲ್ಲಿ ಇಷ್ಟು ಬಗೆ ಎಂದು ಪರದೆಯ ಮೇಲೆ ತೋರಿಸಿದರು. ಅದರಲ್ಲಿ ಒಂದು ಬಗೆ ‘ಅಥಾರಿಟೇರಿಯನ್’, ಸರ್ವಾಧಿಕಾರಿಯಂತೆ ನಡೆಸಿಕೊಳ್ಳುವವರು. ದೇಶ ಆಳುವವರಿಗೂ ಅದೇ ಪದ, ಮಗು ಸಾಕುವವರಿಗೂ ಅದೇ ಪದ! ನನಗೆ ರೋಮಾಂಚನವೇ ಆಯಿತು. ನಿಮ್ಮ ಓಟು, ನಿಮ್ಮ ರೊಟ್ಟಿ, ಒಲೆಯ ಕಡೆ ತಿರುಗಿದ ನಿಮ್ಮ ಬೆನ್ನು — ಎಲ್ಲವೂ ಒಂದೇ ಪದದೊಳಗೆ ಅಚ್ಚುಕಟ್ಟಾಗಿ ಕೂತವು. ನಾನೇನೋ ಕಂಡುಹಿಡಿದೆ ಅಂದುಕೊಂಡೆ.

ಆ ಹೊತ್ತಿಗೆ ಸರಿಯಾಗಿ ನೀವೇ ಮಗಳನ್ನು ನನ್ನ ಕೈಗೆ ಕೊಟ್ಟಿರಿ. ಹತ್ತನೆಯ ಕ್ಲಾಸಿನ ಅಂಕ ಇಳಿದಿತ್ತು, ಪಲ್ಲವಿ ಮಂಕಾಗಿದ್ದಳು, ಮಾತಿಗೊಂದು ಮಾತು ಎದುರಾಡುತ್ತಿದ್ದಳು. ‘ನೀವು ಅದರಾಗ ಕಲ್ತಾವ್ರು ರೂಪಾ. ನನ್ನ ಮಾತ ಅಕೀಗೆ ನಾಟೂದಿಲ್ಲ. ಒಂದೀಟು ಕೂಡ್ರಿಸ್ಕೊಂಡು ಮಾತಾಡ್ರಿ’ ಎಂದಿರಿ. ಶನಿವಾರಗಳಂದು ಅವಳು ನಮ್ಮ ಮನೆಗೆ ಬರತೊಡಗಿದಳು.

ಒಂದು ಶನಿವಾರ ಅವಳು ಹೇಳಿದ್ದು ಇಷ್ಟು. ಹಿಂದಿನ ದಿನ ಅವಳಿಗೂ ನಿಮಗೂ ಜಗಳವಾಯಿತು. ಅವಳು ಹಟಕ್ಕೆ ಬಿದ್ದು ಕನ್ನಡದಲ್ಲಿ ಊಟ ಕೇಳಲಿಲ್ಲ. ನೀವೂ ಹಟಕ್ಕೆ ಬಿದ್ದು ಬಡಿಸಲಿಲ್ಲ. ಅವಳು ಹೋಗಿ ಮಲಗಿದಳು. ಸ್ವಲ್ಪ ಹೊತ್ತಿಗೆ ನೀವು ತಟ್ಟೆ ಹಿಡಿದು ಅವಳ ಹಾಸಿಗೆಯ ಹತ್ತಿರ ಬಂದಿರಿ, ಏನೂ ಮಾತಾಡದೆ ಪಕ್ಕದಲ್ಲಿ ಕೂತಿರಿ, ಅವಳು ಎದ್ದು ಮೊಸರನ್ನ ಉಂಡಳು. ‘ಉಪ್ಪಿನಕಾಯಿ ಜಾಸ್ತಿ ಹಾಕಿದ್ದಳು ಆಂಟಿ’ ಎಂದು ಅವಳು ನಕ್ಕದ್ದೂ ನನಗೆ ನೆನಪಿದೆ. ನೆನಪಿದೆ ಗಿರಿಜಕ್ಕ, ಚೆನ್ನಾಗಿ ನೆನಪಿದೆ — ಅದೇ ನನ್ನ ತಪ್ಪಿನ ಬುಡ.

ನಾನು ಏನು ಹೇಳಬೇಕಿತ್ತು? ‘ಹೋಗೇ, ಅಮ್ಮನ ಹತ್ರ ಕ್ಷಮೆ ಕೇಳು’ ಎಂದರೆ ಮುಗಿಯುತ್ತಿತ್ತು. ಅಥವಾ ನಿಮ್ಮನ್ನೇ ಗಾಡಿಯಲ್ಲಿ ಹಿಡಿದು, ಹುಡುಗಿಗೆ ಪರೀಕ್ಷೆಯ ಭಯ ಇದೆ, ಸ್ವಲ್ಪ ದಿನ ಆ ಕಟ್ಟಳೆ ಸಡಿಲಿಸಿ ಎನ್ನಬಹುದಿತ್ತು. ನಾನು ಹೇಳಿದ್ದು: ಊಟ ಕೊಡದೆ ಇರುವುದು ಶಿಕ್ಷೆ. ಮಾತು ಕೇಳಿಸದಂತೆ ನಟಿಸುವುದು ಎಮೋಷನಲ್ ಅಬ್ಯೂಸ್, ಮನಸ್ಸಿಗೆ ಕೊಡುವ ಹಿಂಸೆ. ನಿಮ್ಮಮ್ಮ ಟಾಕ್ಸಿಕ್. ಅವಳ ಮುಖದ ನಗು ಹೋಯಿತು. ‘ಆದ್ರೆ ಆಂಟಿ, ಆಮೇಲೆ ತಟ್ಟೆ ತಂದಳಲ್ಲ’ ಎಂದಳು ಪಾಪ, ನಿಮ್ಮ ಪರ ವಹಿಸಿಕೊಂಡು.

‘ಅದಕ್ಕೂ ಒಂದು ಹೆಸರಿದೆ’ ಎಂದೆ. ನೋಯಿಸುವುದು, ಆಮೇಲೆ ಪ್ರೀತಿ ತೋರಿಸಿ ಕಟ್ಟಿಹಾಕುವುದು. ಅಂಥ ಪ್ರೀತಿಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದೆ.

ನಿಮ್ಮ ತಟ್ಟೆಯನ್ನು ನಾನು ಹೀಗೆ ಅವಳ ಕೈಯಿಂದ ಕಿತ್ತುಕೊಂಡೆ.

ಅವಳು ಅದನ್ನೆಲ್ಲ ಶಾಲೆಯಲ್ಲಿ ಹೇಳಿದಳು. ಕೌನ್ಸೆಲರ್ ನನಗೆ ಫೋನ್ ಮಾಡಿದರು. ಪಲ್ಲವಿಯೇ ನನ್ನ ಹೆಸರು ಕೊಟ್ಟಿದ್ದಳಂತೆ. ‘ನೀವು ಆ ಕುಟುಂಬವನ್ನು ಹತ್ತಿರದಿಂದ ಬಲ್ಲವರು, ಮನೆಯಲ್ಲಿ ಊಟ ಕೊಡದಿರುವುದು ನಿಜವೇ’ ಎಂದು ಕೇಳಿದರು. ಒಲೆಯ ಮುಂದಿನ ಆ ನಗು, ಬೆಣ್ಣೆ, ಮೊಸರನ್ನ — ಎಲ್ಲವೂ ನನ್ನ ಕಣ್ಣ ಮುಂದೆಯೇ ಇದ್ದವು. ನಾನು ಹೇಳಿದೆ: ‘ಹೌದು, ಮತ್ತೆ ಮತ್ತೆ ಆಗುತ್ತದೆ. ಒಂದು ಪ್ಯಾಟರ್ನ್ ಇದೆ.’

ಆ ಮಾತು ಹೇಳುವಾಗ ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದು ಇವತ್ತು ನೆನೆದರೆ ಹೇಸಿಗೆಯಾಗುತ್ತದೆ. ತಿಳಿದವರು ಮಾತಾಡುವ ಹಾಗೆ ಮಾತಾಡಿದೆ. ಸುಳ್ಳು ಹೇಳಿದೆ ಎಂದು ಅನ್ನಿಸಲೂ ಇಲ್ಲ.

ಶಾಲೆಯವರು ನಿಮ್ಮಿಬ್ಬರನ್ನೂ ಕರೆಸಿದರು. ಮರುದಿನ ಗಾಡಿಯಲ್ಲಿ ನೀವು ನನ್ನ ಕೈ ಹಿಡಿದುಕೊಂಡಿರಿ, ಎಲ್ಲರ ಎದುರಿಗೇ. ‘ಅಕೀಗೆ ಇದನ್ನ ಯಾರು ಹೇಳಿಕೊಟ್ಟಾರ್ರಿ? ನಾ ನನ್ನ ಮಗಳನ್ನ ಉಪವಾಸ ಕೆಡವೀನಂತ? ಇಷ್ಟು ದೊಡ್ಡ ದೊಡ್ಡ ಮಾತು ಅಕೀಗೆ ಎಲ್ಲಿಂದ ಬಂದ್ವು?’

ನಾನು ಹೇಳಿದೆ, ‘ಗೊತ್ತಿಲ್ಲ ಗಿರಿಜಕ್ಕ. ಈಗಿನ ಮಕ್ಕಳು ಮೊಬೈಲ್‌ನಲ್ಲಿ ಏನೇನೋ ನೋಡ್ತಾರೆ.’

ಐರೋಲಿ ಬಂತು. ನಾನು ಇಳಿದೆ. ನೀವು ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಿರಿ, ಇನ್ನೇನೋ ಹೇಳುತ್ತೇನೆ ಎಂಬಂತೆ.

ಮುಂದಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಿಮ್ಮ ನಾದಿನಿ ಬಂದು ಪಲ್ಲವಿಯನ್ನು ಪುಣೆಗೆ ಕರೆದೊಯ್ದರು, ಸ್ವಲ್ಪ ದಿನಕ್ಕೆ ಎಂದು. ಜೂನಿಯರ್ ಕಾಲೇಜು ಅಲ್ಲೇ ಆಯಿತು, ಡಿಗ್ರಿ ಅಲ್ಲೇ ಆಯಿತು. ನೀವು ಹೋದರೆ ಅವಳು ರೂಮಿನಿಂದ ಹೊರಗೆ ಬರುತ್ತಿರಲಿಲ್ಲ. ಬಿಲ್ಡಿಂಗಿನವರ ಬಾಯಿಗೆ ಅಂಜಿ ನೀವು ಡೊಂಬಿವಲಿಯ ಮನೆ ಬಿಟ್ಟು ಕಲ್ಯಾಣಕ್ಕೆ ಹೋದಿರಿ. ಗಾಡಿ ಬದಲಾಯಿತು, ನಮ್ಮ ಗುಂಪಿನಿಂದ ನೀವು ಹೋದದ್ದು ನನಗೆ, ನಿಜ ಹೇಳುತ್ತೇನೆ, ಹಗುರವೆನ್ನಿಸಿತು. ಪಲ್ಲವಿ ಮಾತ್ರ ಫೋನಿನಲ್ಲಿ ನನ್ನ ಸಂಪರ್ಕ ಬಿಡಲಿಲ್ಲ. ಹುಟ್ಟುಹಬ್ಬಕ್ಕೆ, ರಿಸಲ್ಟಿಗೆ, ಎಲ್ಲದಕ್ಕೂ ಮೊದಲ ಫೋನು ನನಗೆ ಬರುತ್ತಿತ್ತು. ನಿಮಗೆ ಬರಬೇಕಾದ ಫೋನುಗಳು ಅವು.

ಕಳೆದ ತಿಂಗಳು ಅವಳು ಥಾಣೆಗೆ ಬಂದಿದ್ದಳು. ಸೈಕಾಲಜಿ ಓದಿ, ಈಗ ಶಾಲಾ ಮಕ್ಕಳ ತಂದೆ ತಾಯಿಯರಿಗೆ ಭಾಷಣ ಮಾಡುವ ಕೆಲಸದಲ್ಲಿದ್ದಾಳೆ. ‘ಆಂಟಿ, ನೀವು ಮೊದಲ ಸಾಲಿನಲ್ಲಿ ಕೂರಲೇಬೇಕು’ ಎಂದಳು. ಕೂತೆ, ಹೊಸ ಸೀರೆ ಉಟ್ಟುಕೊಂಡು ಕೂತೆ. ಅವಳು ವೇದಿಕೆಯ ಮೇಲೆ ನಿಂತು ಇಂಗ್ಲಿಷಿನಲ್ಲಿ ತನ್ನ ಬಾಲ್ಯ ಹೇಳತೊಡಗಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದಳಂತೆ. ತಾಯಿ ಬೆನ್ನು ತಿರುಗಿಸಿಕೊಂಡು ಉಣ್ಣುತ್ತಿದ್ದಳಂತೆ. ಎಷ್ಟೋ ದಿನ ಹಸಿದು ಮಲಗಿದ್ದಳಂತೆ. ಹೊಟ್ಟೆ ಸಂಕಟದಿಂದ ನಿದ್ದೆ ಬರುತ್ತಿರಲಿಲ್ಲವಂತೆ. ‘ದೇರ್ ವಾಸ್ ಎ ಪ್ಯಾಟರ್ನ್’ ಎಂದಳು. ಸಭೆಯಲ್ಲಿ ಯಾರೋ ಅತ್ತರು.

ನಾನು ಕುರ್ಚಿಯ ಹಿಡಿ ಹಿಡಿದುಕೊಂಡೆ. ಅವಳು ಸುಳ್ಳು ಹೇಳುತ್ತಿರಲಿಲ್ಲ, ಗಿರಿಜಕ್ಕ. ಸುಳ್ಳು ಹೇಳಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು, ಕೈ ಹೊಟ್ಟೆಯ ಮೇಲಿತ್ತು. ಎಂದೂ ಇರದಿದ್ದ ಹಸಿವು ಅವಳಿಗೆ ನಿಜವಾಗಿ ನೆನಪಿತ್ತು. ನಾನು ಒಂದು ಹೆಸರು ಕೊಟ್ಟಿದ್ದೆ, ಅಷ್ಟೇ. ಆ ಹೆಸರಿಗೆ ತಕ್ಕ ಬಾಲ್ಯವನ್ನು ಅವಳು ತಾನೇ ಕಟ್ಟಿಕೊಂಡು, ಅದರೊಳಗೆ ಇಷ್ಟು ವರ್ಷ ಒಬ್ಬಳೇ ಬದುಕಿದ್ದಾಳೆ.

ಭಾಷಣ ಮುಗಿದ ಮೇಲೆ ಹೊರಗೆ ಟೀ ಕುಡಿಯುವಾಗ ಕೇಳಿದೆ, ‘ಪಲ್ಲು, ಅವತ್ತು ಆಮೇಲೆ ನಿಮ್ಮಮ್ಮ ತಟ್ಟೆ ತಂದಿದ್ರಲ್ಲ? ಮೊಸರನ್ನ?’

ಅವಳು ನನ್ನ ಮುಖ ನೋಡಿದಳು. ‘ಕೌನ್ಸೀ ಪ್ಲೇಟ್, ಆಂಟಿ?’

ಮರೆಮಾಚುವವರ ಮುಖವಲ್ಲ ಅದು. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ತಟ್ಟೆ ಇಲ್ಲ. ನೀವು ಪಕ್ಕದಲ್ಲಿ ಕೂತದ್ದು ಇಲ್ಲ, ಜಾಸ್ತಿಯಾದ ಉಪ್ಪಿನಕಾಯಿಯೂ ಇಲ್ಲ. ಲೆಕ್ಕಕ್ಕೆ ಹಿಡಿಯಬೇಡ ಎಂದು ನಾನು ಹೇಳಿದ್ದೆ. ಒಳ್ಳೆಯ ಹುಡುಗಿ, ಹೇಳಿದ ಹಾಗೆ ಮಾಡಿದ್ದಳು. ನನ್ನ ಕೈಯ ಟೀ ಸೀರೆಯ ಮೇಲೆ ಚೆಲ್ಲಿತು. ಅವಳೇ ಕರ್ಚೀಫಿನಿಂದ ಒರೆಸುತ್ತಾ, ಇನ್ನೊಂದು ಸುದ್ದಿ ಹೇಳಿದಳು: ಮದುವೆ ನಿಶ್ಚಯವಾಗಿದೆ, ಹುಡುಗ ಪುಣೆಯವನು. ‘ಮಮ್ಮಿಯನ್ನು ಕರೆಯುವುದಿಲ್ಲ. ಪಪ್ಪಾ ಕೂಡ ಬೇಡ, ಅವರು ಎನೇಬ್ಲರ್, ಎಲ್ಲ ನೋಡಿಯೂ ತಡೆಯದವರು. ಮಂಟಪದಲ್ಲಿ ತಂದೆ ತಾಯಿಯ ಜಾಗದಲ್ಲಿ ನೀವೂ ಅಂಕಲ್ಲೂ ಕೂರಬೇಕು.’

ನಿಮ್ಮ ಜಾಗದಲ್ಲಿ. ನಾನು. ಅವಳ ಕೈ ಇನ್ನೂ ನನ್ನ ಸೆರಗಿನ ಮೇಲಿತ್ತು.

ಆ ವಾರವೇ ನಿಮ್ಮ ಫೋನು ಬಂತು. ಎಷ್ಟು ವರ್ಷದ ಮೇಲೆ ನಿಮ್ಮ ಧ್ವನಿ. ನಾದಿನಿಯಿಂದ ಸುದ್ದಿ ತಿಳಿಯಿತಂತೆ. ಅತ್ತಿರಲಿಲ್ಲ ನೀವು, ದೂರಲೂ ಇಲ್ಲ. ‘ನಮ್ಮನ್ನ ಮಂಟಪಕ್ಕ ಕರೀ ಅನ್ನಂಗಿಲ್ಲ ರೂಪಾ. ಹಾಲ್‌ನಾಗ ಹಿಂದಿನ ಸಾಲಿನ್ಯಾಗ ಕುಂಡ್ರತೀವಿ. ಅಕ್ಕಿಕಾಳು ಹಾಕಿ ಎದ್ದು ಬರ್ತೀವಿ. ನಿಮ್ಮ ಮಾತು ಅಕಿ ಕೇಳ್ತಾಳ, ನೀವ ಒಂದ್ ಸಲ ಹೇಳಿ ನೋಡ್ರಿ.’ ಆಮೇಲೆ ಕೇಳಿದಿರಿ: ‘ಊಟ ಸರಿಯಾಗಿ ಮಾಡ್ತಾಳೇನು?’

ನಾನು ಅವಳನ್ನು ನೋಡಲು ಪುಣೆಗೆ ಹೋದೆ. ಒಂದು ಉಡುಪಿ ಹೋಟೆಲಿನಲ್ಲಿ ಎದುರು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ: ಗಾಡಿಯಲ್ಲಿ ನಕ್ಕದ್ದು, ನನಗಾದ ಅವಮಾನ, ಹೊಟ್ಟೆಕಿಚ್ಚು, ಕೋರ್ಸು, ಕೌನ್ಸೆಲರಿಗೆ ನಾನು ಹೇಳಿದ ಸುಳ್ಳು, ಮೊಸರನ್ನ. ನಿಮ್ಮಮ್ಮ ನಿನ್ನನ್ನು ಒಂದು ದಿನವೂ ಉಪವಾಸ ಮಲಗಿಸಿಲ್ಲ, ತಪ್ಪೆಲ್ಲ ನನ್ನದು, ಅವರಿಬ್ಬರನ್ನು ಹಿಂದಿನ ಸಾಲಿನಲ್ಲಾದರೂ ಕೂರಿಸು ಎಂದೆ. ಅವಳು ಕೊನೆಯವರೆಗೂ ಕೇಳಿದಳು. ಕೋಪ ಮಾಡಿಕೊಳ್ಳಲಿಲ್ಲ. ರೋಗಿಯನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

‘ಮಮ್ಮೀನೇ ಭೇಜಾ ಹೈ ನಾ ಆಪ್‌ಕೋ?’ ಎಂದಳು. ಅಮ್ಮ ತಾನೇ ನಿಮ್ಮನ್ನು ಕಳಿಸಿದ್ದು, ಎಂದು. ‘ಆಂಟಿ, ದಿಸ್ ಈಸ್ ಗ್ಯಾಸ್‌ಲೈಟಿಂಗ್. ನಡೆದದ್ದನ್ನ ನಡೆದೇ ಇಲ್ಲ ಅಂತ ನಂಬಿಸೋಕೆ ಯಾರಾದ್ರೂ ಬಂದ್ರೆ ಎದ್ದು ಹೋಗು ಅಂತ ಹೇಳಿಕೊಟ್ಟವರೇ ನೀವು. ಈಗ ನೀವೇ…’

ಹೌದು, ಅದನ್ನೂ ಹೇಳಿಕೊಟ್ಟಿದ್ದೆ. ನಿಜ ಹೇಳುವವರು ಒಳಗೆ ಬರಲು ಒಂದು ಕಿಂಡಿಯನ್ನೂ ಉಳಿಸದೆ ಎಲ್ಲವನ್ನೂ ಮುಚ್ಚಿ ಬಂದಿದ್ದೆ. ಅವಳು ಬ್ಯಾಗು ತೆಗೆದುಕೊಂಡು ಎದ್ದಳು. ಅರ್ಧ ದೋಸೆ ತಟ್ಟೆಯಲ್ಲಿ ಹಾಗೇ ಉಳಿದಿತ್ತು. ಆಮೇಲೆ ನನ್ನ ಫೋನು ತೆಗೆಯುತ್ತಿಲ್ಲ.

ನಾನು ಆ ಮಂಟಪದಲ್ಲಿ ಕೂರುವುದಿಲ್ಲ, ಇದನ್ನು ಅವಳಿಗೆ ಮೆಸೇಜಿನಲ್ಲಿ ಬರೆದು ಹೇಳಿಯಾಗಿದೆ. ಆ ಕೋರ್ಸು ಮುಗಿಸಿ ಶುರುಮಾಡಿದ್ದ ಕೋಚಿಂಗ್ ಕೆಲಸವನ್ನೂ ಬಿಟ್ಟಿದ್ದೇನೆ. ಇದರಿಂದ ನಿಮಗೆ ಏನೂ ಸಿಗುವುದಿಲ್ಲ, ನನಗೆ ಗೊತ್ತು. ಭಾನುವಾರ ಕಲ್ಯಾಣಕ್ಕೆ ಬಂದು, ಇಲ್ಲಿ ಬರೆದದ್ದನ್ನು ನಿಮ್ಮ ಮನೆಯವರ ಎದುರಿಗೇ ಬಾಯಿಬಿಟ್ಟು ಹೇಳುತ್ತೇನೆ. ಆ ಕೋರ್ಸಿನ ಒಂದು ಪದವನ್ನೂ ಬಳಸುವುದಿಲ್ಲ. ನೀವು ಬೈದರೆ ಬೈಸಿಕೊಳ್ಳುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗೆ ನಿಂತೇ ಹೇಳಿ ಹೋಗುತ್ತೇನೆ.

ನೀವು ಕೇಳಿದ್ದು ಬಹಳ ಕಡಿಮೆ, ಗಿರಿಜಕ್ಕ. ಹಿಂದಿನ ಸಾಲಿನಲ್ಲಿ ಎರಡು ಕುರ್ಚಿ. ಅದನ್ನೂ ನಿಮಗೆ ಕೊಡಿಸಲು ನನ್ನಿಂದ ಆಗಲಿಲ್ಲ.